ಅಣ್ಣನ ಸ್ಟೀರಿಂಗ್, ನನ್ನ ನೋಟ್‌ಬುಕ್: ಮನೆಮಂದಿಯೇ ನಡೆಸೋ ರ‍್ಯಾಲಿ ಟೀಮ್ ಹೇಗಿರುತ್ತೆ?

ಇಯರ್‌ಫೋನ್ ಹಾಕ್ಕೊಂಡಿದ್ದೀರಲ್ಲಾ? ಇವತ್ತು ಕಾರಿನ ವಿಷಯ. ನಾನು ಚಿಕ್ಕಮಗಳೂರಿನವಳು, ನಮ್ಮನೇಲೇ ಒಂದು ರ‍್ಯಾಲಿ ಟೀಮ್ ಇದೆ. ದೊಡ್ಡದೇನಲ್ಲ. ಅಣ್ಣ ಡ್ರೈವರ್, ಪಕ್ಕದ ಸೀಟಲ್ಲಿ ಕೋ-ಡ್ರೈವರ್ ನಾನು, ಸ್ಪ್ಯಾನರ್ ಹಿಡಿಯೋರು ಅಪ್ಪ ಮತ್ತು ಚಿಕ್ಕಪ್ಪ, ಖರ್ಚಿನ ಲೆಕ್ಕ ಅಮ್ಮಂದು. ಗ್ಯಾರೇಜ್ ಅಂದ್ರೆ ಪಲ್ಪರ್ ಇಟ್ಟಿರೋ ಶೆಡ್ಡು.

"ಎಷ್ಟು ಜನರನ್ನ ಓವರ್‌ಟೇಕ್ ಮಾಡಿದ್ರಿ?" ಅಂತ ಫ್ರೆಂಡ್ಸ್ ಕೇಳ್ತಾರೆ. ರ‍್ಯಾಲೀಲಿ ಅಕ್ಕಪಕ್ಕ ಓಡೋದೇ ಇಲ್ಲ. ನಿಮಿಷಗಳ ಅಂತರದಲ್ಲಿ ಒಂದೊಂದೇ ಕಾರು ಬಿಡ್ತಾರೆ, ಸ್ಪರ್ಧೆ ಗಡಿಯಾರದ ಜೊತೆ. ಸಂಚಾರ ಬಂದ್ ಮಾಡಿದ ತೋಟದ ಮಣ್ಣುರಸ್ತೆ ಸ್ಪೆಷಲ್ ಸ್ಟೇಜ್. ಅಲ್ಲಿ ಎಷ್ಟಾದ್ರೂ ಜೋರು ಹೋಗಿ. ಒಂದು ಸ್ಟೇಜಿಂದ ಇನ್ನೊಂದಕ್ಕೆ ಹೋಗೋದು ಮಾತ್ರ ಮಾಮೂಲಿ ರಸ್ತೇಲಿ, ಬಸ್ಸು, ಹಸುಗಳ ನಡುವೆ, ಟ್ರಾಫಿಕ್ ರೂಲ್ಸ್ ಪಾಲಿಸಿ.

ನಮ್ಮದು ಮಾರುತಿ ಜಿಪ್ಸಿ. ಈ ಮಾಡೆಲ್ ಬಂದಿದ್ದು 1985ರಲ್ಲಿ. ನಮ್ಮದು ಆಮೇಲಿನ 1.3 ಲೀಟರ್ ಎಂಜಿನ್, ಸುಮಾರು 80 ಹಾರ್ಸ್‌ಪವರ್. ಈಗಿನ ಹ್ಯಾಚ್‌ಬ್ಯಾಕ್‌ಗೂ ಅಷ್ಟಿರುತ್ತೆ. ಆದ್ರೆ ಗಾಡಿ ಹಗುರ, ಸುಮಾರು ಒಂದು ಟನ್ನು. ನಾಲ್ಕೂ ಚಕ್ರಕ್ಕೆ ಪವರ್ ಹೋಗುತ್ತೆ. ಕೆಳಗೆ ಗಟ್ಟಿ ಚಾಸಿ, ಲೀಫ್ ಸ್ಪ್ರಿಂಗ್. ಪ್ಲೇಟ್ ಮುರಿದ್ರೆ ನಾವೇ ಬದಲಾಯಿಸ್ತೀವಿ. ಸೊಂಟದ ಕಥೆ ಕೇಳಬೇಡಿ.

ಮೊದಲೆರಡು ವರ್ಷ ಬರೀ ಟಿಎಸ್‌ಡಿ ರ‍್ಯಾಲಿ ಮಾಡಿದ್ವಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು, ಬೇಗ ತಲುಪಿದ್ರೂ ಪೆನಾಲ್ಟಿ. ಮನೆ ಕಾರು ಸಾಕು. ಸ್ಪೆಷಲ್ ಸ್ಟೇಜ್‌ಗೆ ಹಾಗಲ್ಲ. ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಹೆಲ್ಮೆಟ್, ರೇಸಿಂಗ್ ಬೆಲ್ಟ್ ಬೇಕು, ಕಾರೊಳಗೆ ರೋಲ್ ಕೇಜ್ ಬೇಕು. ಕೇಜ್ ಅಂದ್ರೆ ಸೀಟಿನ ಸುತ್ತ ಕೂರಿಸೋ ಉಕ್ಕಿನ ಪೈಪಿನ ಪಂಜರ. ಎರಡು ಕಾಫಿ ಫಸಲಿಂದ ಎಂಜಿನ್‌ಗೆ ಅಂತ ಕೂಡಿಟ್ಟ ದುಡ್ಡೆಲ್ಲ ಅದಕ್ಕೇ ಹೋಯ್ತು. "ಸುಮ್ನೆ ತೂಕ" ಅಂತ ಅಣ್ಣ ವರ್ಷವಿಡೀ ಗೊಣಗಿದ.

ಈಗ ನನ್ನ ಕೆಲಸ. ರ‍್ಯಾಲಿಗೆ ಮುಂಚೆ ನಿಧಾನಕ್ಕೆ ದಾರಿ ನೋಡ್ಕೊಂಡು ಪೇಸ್ ನೋಟ್ಸ್ ಬರೀತೀವಿ. ಪ್ರತಿ ತಿರುವಿಗೂ ಒಂದು ನಂಬರ್. ನಮ್ಮ ಲೆಕ್ಕದಲ್ಲಿ 1 ಅಂದ್ರೆ ತೀರಾ ಕಡಿದಾದ ತಿರುವು, 6 ಅಂದ್ರೆ ಹೆಚ್ಚುಕಮ್ಮಿ ನೇರ. ಸ್ಟೇಜ್‌ನಲ್ಲಿ ಮುಂದಿನ ತಿರುವು ಕಾಣೋ ಮೊದಲೇ ಅದನ್ನ ಓದಿ ಹೇಳಬೇಕು. ಅಣ್ಣ ಓಡಿಸೋದು ಕಣ್ಣಿಗಿಂತ ಹೆಚ್ಚಾಗಿ ನನ್ನ ದನಿ ನಂಬಿ.

ಹೋದ ವರ್ಷ ನಾನು ಒಟ್ಟಿಗೆ ಎರಡು ಪುಟ ತಿರುಗಿಸಿಬಿಟ್ಟೆ. "ರೈಟ್ 5" ಅಂದೆ. ಅಲ್ಲಿದ್ದಿದ್ದು ರೈಟ್ 2. ಜಿಪ್ಸಿ ರಸ್ತೆ ಬಿಟ್ಟು ಕಾಫಿ ಗಿಡಗಳ ಮೇಲೆ ಎರಡು ಪಲ್ಟಿ ಹೊಡೆದು ಸಿಲ್ವರ್ ಓಕ್ ಮರಕ್ಕೆ ತಾಗಿ ನಿಂತಿತು. ನನ್ನ ತಲೆ ಮೇಲಿನ ಪೈಪು ಬಗ್ಗಿತ್ತು. ನಮಗೆ ತರಚು ಗಾಯ, ಅಷ್ಟೇ. ಅಣ್ಣ ಬೆಲ್ಟ್ ಬಿಚ್ಚಿ ಮೊದಲು ಕೇಳಿದ್ದು, "ನಿಂಗೇನೂ ಆಗಿಲ್ಲ ತಾನೇ?" ತಪ್ಪು ನಂದು ಅಂತ ಹೇಳೋಕೆ ನಂಗೆ ಎರಡು ದಿನ ಹಿಡೀತು. "ಗೊತ್ತು" ಅಂದ. ತೂಕದ ಮಾತು ಮತ್ತೆ ಎತ್ತಿಲ್ಲ.

ಬಗ್ಗಿದ ಕೇಜನ್ನ ತಟ್ಟಿ ನೇರ ಮಾಡೋ ಹಾಗಿಲ್ಲ, ಒಮ್ಮೆ ಬಗ್ಗಿದ ಪೈಪಿಗೆ ಮೊದಲಿನ ಬಲ ಇರಲ್ಲ. ಪೂರ್ತಿ ಕತ್ತರಿಸಿ ತೆಗೆದ್ವಿ. ಸಾರ್ವಜನಿಕರಿಗೆ ಹೊಸ ಜಿಪ್ಸಿ ಮಾರೋದು 2019ರಲ್ಲೇ ನಿಂತಿದೆ, ಹಾಗಾಗಿ ಚಿಕ್ಕಪ್ಪ ಸೆಕೆಂಡ್‌ಹ್ಯಾಂಡ್ ಬಾಡಿ ಹುಡುಕ್ತಿದ್ದಾರೆ. ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ಮೂಲೆ ಈಗ ಮಡಚಿರುತ್ತೆ, ಬೆರಳಿಗೆ ಒಂದೇ ಪುಟ ಸಿಗಲಿ ಅಂತ.

ಅಲ್ಲಿವರೆಗೆ ಮನೆ ಕಾರಲ್ಲಿ ಟಿಎಸ್‌ಡಿ. ಮುಂದಿನ ಭಾನುವಾರ ಒಂದಿದೆ. ಅಣ್ಣ ಬರಲ್ವಂತೆ. ಸ್ಟೀರಿಂಗ್ ಹಿಡಿಯೋದು ಅಮ್ಮ.