ಇಲ್ಲದ ಲೋಕಕ್ಕೊಂದು ಕೈಪಿಡಿ

‘ಡೆತ್ ನೋಟ್’ ಎಂಬ ಮಾಂಗಾದ (ಜಪಾನಿ ಚಿತ್ರಕಥೆಯ) ಕೊನೆಯ ಅಧ್ಯಾಯ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ಪ್ರಕಟವಾದದ್ದು 2006ರ ಮೇ ತಿಂಗಳಲ್ಲಿ. ಪುಸ್ತಕರೂಪದ ಸಂಪುಟಗಳು 12ಕ್ಕೆ ಮುಗಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ 13 ಎಂಬ ಅಂಕಿ ಹೊತ್ತ ಇನ್ನೊಂದು ಪುಸ್ತಕ ಅಂಗಡಿಗೆ ಬಂತು. ಅದರಲ್ಲಿ ಕಥೆ ಮುಂದುವರಿದಿರಲಿಲ್ಲ. ಪಾತ್ರಗಳ ವಿವರ, ಸಾವಿನ ಪುಸ್ತಕದ ನಿಯಮಗಳು, ಕಥೆಗಾರ ತ್ಸುಗುಮಿ ಓಬಾ ಮತ್ತು ಚಿತ್ರಕಾರ ತಕೇಶಿ ಒಬಾತಾ ಅವರ ಸಂದರ್ಶನ, ಧಾರಾವಾಹಿಗೆ ಮೊದಲೇ ಬರೆದಿದ್ದ ಬಿಡಿ ಕಥೆ ಇವೆಲ್ಲ ಇದ್ದವು. ಜೊತೆಗೆ ಒಂದು ಕಾರ್ಡು. ಅದರ ಮೇಲೆ ಪತ್ತೇದಾರ ಎಲ್‌ನ ನಿಜವಾದ ಹೆಸರು ಅಚ್ಚಾಗಿತ್ತು: ಎಲ್ ಲಾಲೈಟ್.

ಯಾರ ಮುಖ ನೆನೆದು ಹೆಸರು ಬರೆದರೆ ಅವರು ಸಾಯುತ್ತಾರೋ ಅಂಥ ಪುಸ್ತಕದ ಸುತ್ತ ಹೆಣೆದ ಕಥೆ ಇದು. ಹೆಸರು ಗುಟ್ಟಾಗಿ ಉಳಿಯುವುದೇ ಎಲ್‌ಗೆ ಪ್ರಾಣರಕ್ಷೆ. 12 ಸಂಪುಟಗಳಲ್ಲಿ ಎಲ್ಲೂ ಹೊರಬೀಳದ ಆ ಹೆಸರನ್ನು ಕಥೆ ಮುಗಿದ ಮೇಲೆ ಕೈಪಿಡಿಯ ಮೂಲಕ ಓದುಗರಿಗೆ ಒಪ್ಪಿಸಿದರು.

ಮಾಂಗಾ ಸರಣಿಯೊಂದು ಜನಪ್ರಿಯವಾದರೆ ಜಪಾನಿನಲ್ಲಿ ಇಂಥದೊಂದು ಪುಸ್ತಕ ಬರುವುದು ವಾಡಿಕೆ. ಅಧಿಕೃತ ಗೈಡ್‌ಬುಕ್, ಫ್ಯಾನ್‌ಬುಕ್, ಡೇಟಾಬುಕ್ ಎಂದೆಲ್ಲ ಇವುಗಳಿಗೆ ಹೆಸರು. ಪಾತ್ರಗಳ ಎತ್ತರ, ತೂಕ, ಹುಟ್ಟಿದ ದಿನ, ಇಷ್ಟದ ತಿನಿಸು, ಊರುಗಳ ನಕ್ಷೆ, ಕಾಲಾನುಕ್ರಮಣಿಕೆ ಎಲ್ಲವೂ ಇವುಗಳಲ್ಲಿ ಸಿಗುತ್ತವೆ. ಅಭಿಮಾನಿಗಳ ಕಿಸೆಗೆ ಕೈಹಾಕುವ ಸರಕು ಎಂದು ಹೊರಗಿನವರಿಗೆ ಅನ್ನಿಸಬಹುದು. ಕೆಲವು ಪುಸ್ತಕಗಳ ಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ ಒಳ್ಳೆಯ ಕೈಪಿಡಿಗೆ ಅದರದೇ ಆದ ಕಥನಗುಣವಿದೆ. ಕಥೆಯ ಓಟದಲ್ಲಿ ಹೇಳಲು ಜಾಗ ಸಿಗದ ಮಾತುಗಳನ್ನು ಅದು ಹೇಳುತ್ತದೆ.

ಬೇರು ಹಳೆಯದು

ಇಲ್ಲದ್ದನ್ನು ಇದ್ದಂತೆಯೇ ವಿವರವಾಗಿ ದಾಖಲಿಸುವ ಅಭ್ಯಾಸ ಜಪಾನಿನಲ್ಲಿ ಮಾಂಗಾಕ್ಕಿಂತ ಹಳೆಯದು. ಒಸಾಕಾದ ವೈದ್ಯ ತೆರಜಿಮಾ ರ್‍ಯೋಆನ್ 1712ರಲ್ಲಿ ಸಿದ್ಧಪಡಿಸಿದ 105 ಭಾಗಗಳ ಸಚಿತ್ರ ವಿಶ್ವಕೋಶ ‘ವಾಕಾನ್ ಸನ್ಸಾಯ್ ಜುಯೆ’ಯಲ್ಲಿ ನಿಜವಾದ ಗಿಡಮೂಲಿಕೆಗಳ ಜೊತೆಗೆ ಉದ್ದ ತೋಳಿನ, ಉದ್ದ ಕಾಲಿನ ಕಾಲ್ಪನಿಕ ಜನರೂ ಇದ್ದಾರೆ. 1776ರಲ್ಲಿ ಚಿತ್ರಕಾರ ತೊರಿಯಾಮಾ ಸೆಕಿಯೆನ್ ಜನಪದ ನಂಬಿಕೆಯ ಭೂತಗಳನ್ನು, ಅಂದರೆ ಯೋಕಾಯ್‌ಗಳನ್ನು, ಪುಟಕ್ಕೊಂದರಂತೆ ಹೆಸರಿಟ್ಟು ಚಿತ್ರಿಸಿದ. ‘ಗೆಗೆಗೆ ನೊ ಕಿತಾರೊ’ ಖ್ಯಾತಿಯ ಮಿಜುಕಿ ಶಿಗೆರು (1922–2015) ಆ ಪರಂಪರೆಯನ್ನು ಮಾಂಗಾಕ್ಕೆ ತಂದು, ಯೋಕಾಯ್‌ಗಳ ಕೋಶಗಳನ್ನೇ ರಚಿಸಿದರು.

ಇಂದಿನ ಕೈಪಿಡಿಯ ರೂಪಕ್ಕೆ ಹತ್ತಿರದ ಪೂರ್ವಿಕ 1960ರ ದಶಕದಲ್ಲಿ ಸಿಗುತ್ತಾನೆ. 1966ರಲ್ಲಿ ಟಿ.ವಿ.ಯಲ್ಲಿ ‘ಅಲ್ಟ್ರಾಮ್ಯಾನ್’ ಶುರುವಾಗಿ ಮಕ್ಕಳು ದೈತ್ಯಮೃಗಗಳ ಹುಚ್ಚು ಹಿಡಿಸಿಕೊಂಡಿದ್ದ ಕಾಲ. ಓತೊಮೊ ಶೋಜಿ (1936–1973) ಎಂಬ ಬರಹಗಾರ ಆ ಮೃಗಗಳ ಹೊಟ್ಟೆಯನ್ನೇ ಸೀಳಿ ತೋರಿಸುವ ಚಿತ್ರಗಳನ್ನು ಯೋಜಿಸಿದ. ಬೆಂಕಿ ಉಗುಳುವ ಮೃಗದ ಒಳಗೆ ಬೆಂಕಿಯ ಚೀಲ ಎಲ್ಲಿದೆ, ಮೂಳೆ ಎಷ್ಟು ಗಟ್ಟಿ ಎಂದೆಲ್ಲ ಬಾಣದ ಗುರುತು ಹಾಕಿ ವಿವರಿಸಿದ. 1967ರ ಅವನ ‘ಕೈಜೂ ಜುಕಾಯ್ ನ್ಯೂಮೊನ್’ ಪುಸ್ತಕ ಓದಿದ ಮಕ್ಕಳಿಗೆ ಒಂದು ವಿಷಯ ಮನದಟ್ಟಾಯಿತು: ಕಲ್ಪನೆಗೂ ಒಳಗಿನ ಲೆಕ್ಕಾಚಾರ ಬೇಕು.

ಇನ್ನೊಂದು ಕವಲು ಓದುಗರ ಕಡೆಯಿಂದ ಬಂತು. ಹಾಸೆಗಾವಾ ಮಚಿಕೊ 1946ರಿಂದ 1974ರವರೆಗೆ ಬರೆದ ‘ಸಜಾಯೆ–ಸಾನ್’ ಮಾಂಗಾದ ಕುಟುಂಬದ ಬಗ್ಗೆ 1992ರ ಕೊನೆಯಲ್ಲಿ ‘ಇಸೊನೊಕೆ ನೊ ನಜೊ’ (ಇಸೊನೊ ಮನೆತನದ ಒಗಟುಗಳು) ಎಂಬ ಪುಸ್ತಕ ಬಂತು. ಅದು ಅಧಿಕೃತ ಪುಸ್ತಕವಾಗಿರಲಿಲ್ಲ. ಚಿತ್ರಪಟ್ಟಿಗಳನ್ನೆಲ್ಲ ಜಾಲಾಡಿ ಆ ಮನೆಯ ಕುರಿತ ಪ್ರಶ್ನೆಗಳಿಗೆ ಉತ್ತರ ಹುಡುಕುವುದಷ್ಟೇ ಅದರ ಕೆಲಸ. ಪುಸ್ತಕ ಭಾರಿ ಮಾರಾಟವಾಗಿ, ಬೇರೆ ಮಾಂಗಾಗಳ ಮೇಲೂ ಇಂಥ ಒಗಟಿನ ಪುಸ್ತಕಗಳ ಸಾಲೇ ಬಂತು.

ಅಂಕಿಗಳ ಬಲ, ಅಂಕಿಗಳ ಮಿತಿ

ಮಸಾಶಿ ಕಿಶಿಮೊತೊ ಅವರ ‘ನರುಟೊ’ಗೆ ಮೊದಲ ಡೇಟಾಬುಕ್ 2002ರಲ್ಲಿ ಬಂತು. ಆಮೇಲೆ 2005, 2008, 2014ರಲ್ಲಿ ಒಂದೊಂದು. ಪ್ರತಿ ನಿಂಜಾಗೂ ಎಂಟು ವಿಷಯಗಳಲ್ಲಿ 5ಕ್ಕೆ ಇಷ್ಟು ಎಂದು ಅಂಕ. ಬಾಲಕ ನರುಟೊಗೆ ಕೈಮುದ್ರೆಯಲ್ಲಿ 1, ತ್ರಾಣದಲ್ಲಿ 4. ಕಲಿಕೆಯಲ್ಲಿ ಹಿಂದೆ ಬಿದ್ದರೂ ಸೋಲೊಪ್ಪದ ಹುಡುಗನ ಸ್ವಭಾವ ಎರಡೇ ಅಂಕಿಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಅವನ ಹುಟ್ಟುಹಬ್ಬ ಅಕ್ಟೋಬರ್ 10. ಹಳ್ಳಿಯ ಮೇಲೆ ಒಂಬತ್ತು ಬಾಲದ ನರಿ ಎರಗಿದ್ದೂ ಅದೇ ದಿನ. ರಕ್ತದ ಗುಂಪು ಬಿ. ರಕ್ತದ ಗುಂಪಿಗೂ ಗುಣಕ್ಕೂ ನಂಟಿದೆ ಎಂಬ ನಂಬಿಕೆ ಜಪಾನಿನಲ್ಲಿ ಗಟ್ಟಿಯಾಗಿ ಇರುವುದರಿಂದ ಅಲ್ಲಿನ ಓದುಗರಿಗೆ ಇದೂ ಒಂದು ಸುಳಿವು.

ಅಂಕಿಗಳು ಕಥೆಯನ್ನು ಮೀರಿ ಹೋಗುವುದೂ ಉಂಟು. ಅಕಿರಾ ತೊರಿಯಾಮಾ ಅವರ ‘ಡ್ರ್ಯಾಗನ್ ಬಾಲ್’ 1995ರಲ್ಲಿ ಮುಗಿದಾಗ ಶುಯೇಶಾ ಪ್ರಕಾಶನ ‘ದಾಯ್‌ಜೆನ್‌ಶೂ’ ಎಂಬ ಏಳು ಸಂಪುಟಗಳ ಬೃಹತ್ ಸಂಗ್ರಹವನ್ನು ಹೊರತಂದಿತು. ಚಿತ್ರಗಳು, ಲೋಕದ ನಕ್ಷೆಗಳು, ಏಳನೆಯದಾಗಿ ಒಂದು ದೊಡ್ಡ ಕೋಶ. ಕಥೆಯಲ್ಲಿ ಖಳ ಫ್ರೀಜಾ ತನ್ನ ಮೊದಲ ರೂಪದ ಕಾದಾಟದ ಬಲ 5,30,000 ಎಂದು ಹೇಳಿಕೊಳ್ಳುತ್ತಾನೆ. ಮುಂದಿನ ರೂಪಗಳಿಗೆ ಹೋಗುತ್ತಿದ್ದಂತೆ ಕಥೆಯಲ್ಲಿ ಆ ಅಳತೆಯೇ ಹಿಂದೆ ಸರಿಯುತ್ತದೆ. ಕೋಶ ಮಾತ್ರ ಲೆಕ್ಕ ಮುಂದುವರಿಸಿತು: ಕೊನೆಯ ರೂಪದ ಫ್ರೀಜಾ 12 ಕೋಟಿ, ಸೂಪರ್ ಸೈಯನ್ ರೂಪದ ನಾಯಕ ಗೊಕು 15 ಕೋಟಿ. ಅಂದಿನಿಂದ ಇಂದಿನವರೆಗೂ ಅಭಿಮಾನಿಗಳು ಈ ಎರಡು ಅಂಕಿಗಳನ್ನು ಹಿಡಿದು ವಾದಿಸುತ್ತಿದ್ದಾರೆ. ಅಳತೆಗೆ ಸಿಗದ ಕೋಪವೊಂದು ಗೊಕುವನ್ನು ಬದಲಿಸುತ್ತದೆ ಎಂಬುದೇ ಆ ಸನ್ನಿವೇಶದ ಬಿಗಿ. ಅಲ್ಲಿ ಅಂಕಿ ಕೊಟ್ಟದ್ದರಿಂದ ಬಿಗಿ ಸಡಿಲವಾಯಿತೇ ಹೊರತು ತಿಳಿವಳಿಕೆ ಹೆಚ್ಚಲಿಲ್ಲ.

ಬೆಳೆಯುತ್ತಿರುವ ಲೋಕ

ಮುಗಿದ ಕಥೆಗೆ ಕೋಶ ಬರೆಯಬಹುದು. ಮುಗಿಯದ ಕಥೆಗೆ? ಐಇಚಿರೊ ಓದಾ ಅವರ ‘ಒನ್ ಪೀಸ್’ 1997ರಲ್ಲಿ ಶುರುವಾಗಿ 2021ರಲ್ಲಿ 100ನೇ ಸಂಪುಟ ಮುಟ್ಟಿತು. ಸಂಪುಟಗಳಲ್ಲಿ ಅಧ್ಯಾಯಗಳ ನಡುವಿನ ಪುಟಗಳಲ್ಲಿ ಓದುಗರ ಪ್ರಶ್ನೆಗಳಿಗೆ ಓದಾ ತಾವೇ ಉತ್ತರಿಸುತ್ತಾರೆ. ನಾಯಕ ಲೂಫಿಯ ಹುಟ್ಟುಹಬ್ಬ ಮೇ 5, ಜಪಾನಿನ ಮಕ್ಕಳ ದಿನ ಎಂಬುದೂ ಹೀಗೆ ತಿಳಿದದ್ದೇ. 2002ರಲ್ಲಿ ‘ರೆಡ್’ ಮತ್ತು ‘ಬ್ಲೂ’, 2007ರಲ್ಲಿ ‘ಯೆಲ್ಲೊ’, 2010ರಲ್ಲಿ ‘ಗ್ರೀನ್’, 2012ರಲ್ಲಿ ‘ಬ್ಲೂ ಡೀಪ್’ ಎಂದು ಬಣ್ಣದ ಹೆಸರಿನ ಕೈಪಿಡಿಗಳು ಬಂದವು. ಪ್ರತಿ ಪುಸ್ತಕವೂ ಕಥೆ ಮುಂದೆ ಸಾಗಿದಂತೆ ಹಳೆಯದಾಯಿತು.

2018ರಲ್ಲಿ ಇದಕ್ಕೊಂದು ಪರಿಹಾರ ಬಂತು. ‘ವಿವ್ರ್ ಕಾರ್ಡ್’ ಎಂಬ ಈ ಕೋಶ ಹೊಲಿದ ಪುಸ್ತಕವಲ್ಲ, ಫೈಲಿಗೆ ಸೇರಿಸುವ ಬಿಡಿ ಹಾಳೆಗಳು. ಪಾತ್ರಕ್ಕೊಂದು ಹಾಳೆ, ಹೊಸ ಕಂತು ಕೊಂಡಾಗ ತಕ್ಕ ಜಾಗದಲ್ಲಿ ಸೇರಿಸಿಕೊಂಡರೆ ಆಯಿತು. ಓದುಗರೇ ತಮ್ಮ ಕೈಯಾರೆ ಕೋಶವನ್ನು ಬೆಳೆಸುವ ಈ ಉಪಾಯ ನನಗೆ ಬಹಳ ಜಾಣತನದ್ದು ಎನಿಸುತ್ತದೆ.

ಲೇಖಕಿಯ ಕೈ ಇದ್ದಾಗ

ಈ ಪ್ರಕಾರದ ಅತ್ಯುತ್ತಮ ಮಾದರಿಯಾಗಿ ನಾನು ಮುಂದಿಡುವುದು ರ್‍ಯೋಕೊ ಕುಯಿ ಅವರ ‘ದಂಜೊನ್ ಮೆಶಿ’ಯ ವರ್ಲ್ಡ್ ಗೈಡನ್ನು. ನೆಲದಾಳದ ಚಕ್ರವ್ಯೂಹದಲ್ಲಿ ರಾಕ್ಷಸಜೀವಿಗಳನ್ನೇ ಬೇಯಿಸಿ ತಿನ್ನುತ್ತ ಸಾಗುವ ಸಾಹಸಿಗರ ಈ ಕಥೆ 2014ರಿಂದ 2023ರವರೆಗೆ ನಡೆದು 14 ಸಂಪುಟಗಳಲ್ಲಿ ಮುಗಿಯಿತು. ಗೈಡ್ 2021ರಲ್ಲಿ ಬಂದು, ಕಥೆ ಮುಗಿದ ಮೇಲೆ 2024ರಲ್ಲಿ ವಿಸ್ತೃತ ರೂಪ ಪಡೆಯಿತು. ಕುಯಿ ಅದಕ್ಕೆಂದೇ ಪುಟ್ಟ ಮಾಂಗಾಗಳನ್ನು ಬರೆದಿದ್ದಾರೆ. ಪಾತ್ರಗಳ ವಯಸ್ಸಿನ ಜೊತೆಗೆ ಅವರ ಬಿಎಂಐ ಕೂಡ ಇದೆ. ಊಟವೇ ಉಸಿರಾದ ಕಥೆಯಲ್ಲಿ ಅದು ಬೇಕಾದ ವಿವರವೇ.

ವಯಸ್ಸುಗಳನ್ನು ನೋಡಿ. ಮನುಷ್ಯ ಲಾಯೊಸ್‌ಗೆ 26. ಮಗುವಿನ ಗಾತ್ರದ ಚಿಲ್‌ಚಕ್‌ಗೆ 29, ಅವನು ಮೂರು ಹೆಣ್ಣುಮಕ್ಕಳ ತಂದೆ. ಕುಳ್ಳ ಸೆನ್ಶಿಗೆ 112. ಹುಡುಗಿಯಂತೆ ಕಾಣುವ ಮಾರ್ಸಿಲ್‌ಗೆ 50. ಅರ್ಧ ಎಲ್ಫ್ ಆದ ಮಾರ್ಸಿಲ್ ಸಾವಿರ ವರ್ಷ ಬಾಳಬಲ್ಲಳು. ಪ್ರೀತಿಸಿದವರೆಲ್ಲ ತನ್ನ ಕಣ್ಣೆದುರೇ ತೀರಿಕೊಳ್ಳುತ್ತಾರೆ ಎಂಬ ಅವಳ ಭಯವೇ ಕಥೆಯ ಕೊನೆಯ ಭಾಗವನ್ನು ನಡೆಸುವುದು. ಇಲ್ಲಿ ಅಂಕಿ ಅಲಂಕಾರವಾಗಿ ಉಳಿದಿಲ್ಲ. ಒಂದೇ ಒಲೆಯ ಸುತ್ತ ಕೂತು ಉಣ್ಣುವವರಿಗೆ ಉಳಿದಿರುವ ಕಾಲ ಒಬ್ಬೊಬ್ಬರಿಗೆ ಒಂದೊಂದು ಎಂಬ ಸಂಕಟವನ್ನು ಅದು ಹೇಳುತ್ತಿದೆ.

ಒಳ್ಳೆಯ ಕೈಪಿಡಿಗೂ ಬರೀ ಪಟ್ಟಿಗೂ ಇರುವ ಅಂತರ ಇದೇ. ವಿವರ ಕಥೆಯ ಒಳಗಿನ ಪ್ರಶ್ನೆಯಿಂದ ಹುಟ್ಟಿದ್ದರೆ ಲೋಕಕ್ಕೆ ತೂಕ ಬರುತ್ತದೆ. ಪುಟ ತುಂಬಿಸಲು ಹುಟ್ಟಿದ್ದರೆ ಓದುಗ ಕಟ್ಟಿಕೊಳ್ಳಬೇಕಿದ್ದ ಜಾಗವನ್ನೂ ಅದು ಆಕ್ರಮಿಸುತ್ತದೆ. ಮೂಲ ಕಥೆಗೂ ಕೈಪಿಡಿಗೂ ತಾಳೆಯಾಗದಿದ್ದರೆ ನಂಬಬೇಕಾದದ್ದು ಕಥೆಯನ್ನೇ.

ಜಪಾನಿ ಕಲಿಯುತ್ತಿರುವ ಕನ್ನಡಿಗರಿಗೆ ಒಂದು ಮಾತು. ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಗೆ ಬೆಂಗಳೂರೂ ಒಂದು ಕೇಂದ್ರ. ತಯಾರಿಯ ನಡುವೆ ಇಂಥದೊಂದು ಕೈಪಿಡಿ ಜೊತೆಗಿರಲಿ. ಶೋನೆನ್ ಜಂಪ್ ಸರಣಿಗಳ ಕೈಪಿಡಿಗಳು ಮಕ್ಕಳಿಗಾಗಿಯೂ ಇರುವುದರಿಂದ ಕಾಂಜಿ ಅಕ್ಷರಗಳ ಪಕ್ಕದಲ್ಲೇ ಉಚ್ಚಾರ ಅಚ್ಚಾಗಿರುತ್ತದೆ, ಬರಹ ಚಿಕ್ಕ ತುಣುಕುಗಳಲ್ಲಿರುತ್ತದೆ, ಪಕ್ಕದಲ್ಲಿ ಚಿತ್ರವಿರುತ್ತದೆ. ಆದರೆ ಸರಣಿಯನ್ನು ಓದಿ ಮುಗಿಸಿದ ಮೇಲೆಯೇ ತೆರೆಯಿರಿ. ಕಥೆ ಜೋಪಾನವಾಗಿ ಬಚ್ಚಿಟ್ಟ ಗುಟ್ಟುಗಳು ಕೈಪಿಡಿಯಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಎದುರಾಗುತ್ತವೆ.