ಬೆವರದ ಅಂಗೈ, ಮೆಂಡೋಟಾದ ಹುಡುಗರು

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತು ಕಲಬುರಗಿಯ ಓಣಿಗಳಲ್ಲೂ ಕಮಲಾಪುರದ ಕಟ್ಟೆಗಳ ಮೇಲೂ ಸಲೀಸಾಗಿ ಓಡಾಡುತ್ತದೆ. ಸೈಕೋಪಥಿಯ ವಿಷಯದಲ್ಲಿ ವೈದ್ಯಲೋಕವೂ ಬಹುಕಾಲ ಇದನ್ನೇ ನಂಬಿತ್ತು. ಆ ನಂಬಿಕೆ ಅಲುಗಿದ ಬಗೆಯನ್ನು ಹೇಳಬೇಕಿದೆ.

ಈ ಸ್ಥಿತಿಯನ್ನು ವಿವರವಾಗಿ ಚಿತ್ರಿಸಿದವರು ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ, 1941ರಲ್ಲಿ. ಇಂಥವರಿಗೆ ಭ್ರಮೆಯಿಲ್ಲ, ಕಿವಿಯಲ್ಲಿ ದನಿ ಕೇಳಿಸುವುದಿಲ್ಲ. ಮಾತು ಸವಿಯಾಗಿರುತ್ತದೆ, ಪಶ್ಚಾತ್ತಾಪ ಮಾತ್ರ ಇರುವುದಿಲ್ಲ. ನಮ್ಮ ಪತ್ರಿಕೆಗಳು ‘ಸೈಕೋ’ ಎಂಬ ತಲೆಬರಹದಡಿ ಇವರನ್ನೂ ಸ್ಕಿಜೋಫ್ರೇನಿಯಾದಿಂದ ನರಳುವವರನ್ನೂ ಒಟ್ಟಿಗೆ ತಳ್ಳಿಬಿಡುತ್ತವೆ. ಆ ರೋಗಿಗಳಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

1960ರ ದಶಕದಲ್ಲಿ ಕೆನಡಾದ ರಾಬರ್ಟ್ ಹೇರ್ ಕೈದಿಗಳನ್ನು ಕೂರಿಸಿ ಒಂದು ಸರಳ ಪ್ರಯೋಗ ಮಾಡಿದರು. ಅಂಕಿಗಳು ಒಂದರಿಂದ ಹನ್ನೆರಡರವರೆಗೆ ಬರುತ್ತವೆ, ಎಂಟು ಬಂದಾಗ ಕರೆಂಟ್ ಹೊಡೆಯುತ್ತದೆ ಎಂದು ಮೊದಲೇ ತಿಳಿಸಿದ್ದರು. ಎಂಟು ಹತ್ತಿರವಾಗುತ್ತಿದ್ದಂತೆ ಉಳಿದವರ ಚರ್ಮದಲ್ಲಿ ಬೆವರು ಏರಿತು. ಸೈಕೋಪಥಿ ಇದ್ದವರಲ್ಲಿ ಅದು ಅಷ್ಟಾಗಿ ಏರಲೇ ಇಲ್ಲ. ಮುಂದೆ ಬರುವ ನೋವಿನ ಭಯ ಅವರ ಮೈಗೆ ಮುಟ್ಟುತ್ತಿರಲಿಲ್ಲ. ದಂಡನೆಯ ಬೆದರಿಕೆಯನ್ನೇ ನೆಚ್ಚಿಕೊಂಡಿರುವ ಮನೆ, ಶಾಲೆ, ಜೈಲು ಮೂರೂ ಇವರ ಮುಂದೆ ಸೋಲುವುದೇಕೆ ಎಂಬುದಕ್ಕೆ ಇಲ್ಲೊಂದು ಸುಳಿವು ಸಿಕ್ಕಿತು. ಹೇರ್ ಮುಂದೆ 20 ಅಂಶಗಳ ಅಳತೆಪಟ್ಟಿಯನ್ನೂ ರೂಪಿಸಿದರು. ಅವರ ಶಿಷ್ಯ ಕೆಂಟ್ ಕೀಲ್ 2007ರಿಂದ ಎಂಆರ್‌ಐ ಯಂತ್ರವನ್ನು ಟ್ರೇಲರಿನಲ್ಲಿ ಹೇರಿಕೊಂಡು ನ್ಯೂ ಮೆಕ್ಸಿಕೋದ ಜೈಲುಗಳ ಅಂಗಳಕ್ಕೇ ಹೋದರು. ಸೈಕೋಪಥಿ ಇದ್ದ ಕೈದಿಗಳ ಮೆದುಳಿನ ಅಮಿಗ್ಡಲಾ ಹಾಗೂ ಭಾವನೆಗೆ ಸಂಬಂಧಿಸಿದ ಸುತ್ತಲಿನ ಭಾಗಗಳಲ್ಲಿ ವ್ಯತ್ಯಾಸಗಳು ಕಂಡವು.

ಹಾಗಾದರೆ ಚಿಕಿತ್ಸೆ? ಕೆನಡಾದ ಒಂಟಾರಿಯೊದ ಓಕ್ ರಿಜ್ ಆಸ್ಪತ್ರೆಯಲ್ಲಿ ಗುಂಪು ಚಿಕಿತ್ಸೆ ಪಡೆದ, ಸೈಕೋಪಥಿ ಇದ್ದ ಅಪರಾಧಿಗಳು, ಪಡೆಯದವರಿಗಿಂತ ಹೆಚ್ಚು ಹಿಂಸೆಗಿಳಿದರೆಂದು 1992ರ ವರದಿ ಹೇಳಿತು. ‘ಇವರಿಗೆ ಮದ್ದಿಲ್ಲ’ ಎಂಬ ಮಾತು ಅಲ್ಲಿಗೆ ಗಟ್ಟಿಯಾಯಿತು. ಸೋತದ್ದು ಒಂದು ವಿಧಾನ. ತೀರ್ಪು ಬಿದ್ದದ್ದು ಮನುಷ್ಯರ ಮೇಲೆ.

ಆ ತೀರ್ಪು ಅಲುಗಿದ್ದು ಬೇರೊಂದು ವಿಧಾನದಿಂದ. 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೆಂಡೋಟಾ ಆಸ್ಪತ್ರೆಯಲ್ಲಿ, ಬಾಲಾಪರಾಧಿಗಳ ಜೈಲುಗಳು ಕೈಚೆಲ್ಲಿದ ಹುಡುಗರಿಗಾಗಿ ಚಿಕಿತ್ಸಾ ಕೇಂದ್ರವೊಂದು ಆರಂಭವಾಯಿತು. ಶಿಕ್ಷೆ ಹೆಚ್ಚಿದಷ್ಟೂ ಹುಡುಗ ತಿರುಗಿಬೀಳುತ್ತಾನೆ, ತಿರುಗಿಬಿದ್ದಷ್ಟೂ ಶಿಕ್ಷೆ ಹೆಚ್ಚುತ್ತದೆ. ಈ ಸುತ್ತನ್ನು ಮುರಿಯುವುದೇ ಮನಶ್ಶಾಸ್ತ್ರಜ್ಞ ಮೈಕೆಲ್ ಕಾಲ್ಡ್‌ವೆಲ್ ಮತ್ತು ಸಂಗಡಿಗರ ಗುರಿ. ಭಯ ನಾಟದ ಮನಸ್ಸಿಗೂ ಬಹುಮಾನದ ಆಸೆ ನಾಟುತ್ತದೆ. ಹಾಗಾಗಿ ಪ್ರತಿದಿನದ ನಡತೆಯನ್ನು ಬರೆದಿಟ್ಟರು, ಒಳ್ಳೆಯ ನಡತೆಗೆ ತಡಮಾಡದೆ ಸಣ್ಣ ಸವಲತ್ತು ಕೊಟ್ಟರು, ಹುಡುಗ ಕೆರಳಿದಾಗಲೂ ಸಿಬ್ಬಂದಿ ಸಂಬಂಧ ಕಡಿದುಕೊಳ್ಳಲಿಲ್ಲ. ಬಿಡುಗಡೆಯಾದ ಮೇಲೂ ವರ್ಷಗಟ್ಟಲೆ ಅವರ ಜಾಡು ಹಿಡಿದರು. ಸಾಮಾನ್ಯ ಬಂದೀಖಾನೆಯಲ್ಲೇ ಹೆಚ್ಚು ಕಾಲ ಇದ್ದ ಅಂಥದೇ ಹುಡುಗರ ಗುಂಪಿನಿಂದ 16 ಜನರ ಸಾವಾಗಿತ್ತು. ಮೆಂಡೋಟಾದಲ್ಲಿ ಚಿಕಿತ್ಸೆ ಪಡೆದ 101 ಹುಡುಗರಿಂದ ಒಂದೂ ಇಲ್ಲ.

ಇವು ಚೀಟಿ ಎತ್ತಿ ವಿಂಗಡಿಸಿದ ಗುಂಪುಗಳಲ್ಲವಾದ್ದರಿಂದ ಇದೊಂದೇ ಪುರಾವೆ ಸಾಲದು. ಇನ್ನಷ್ಟು ಸಂಶೋಧನೆ ಬೇಕೆಂದು ನಾನು ಒತ್ತಾಯಿಸುವುದೂ ಇದೇ ಕಾರಣಕ್ಕೆ.

ಕೈದಿಗಳ ಮಾನಸಿಕ ಆರೋಗ್ಯದ ಕೆಲಸವಾಗಲಿ, ಹಳೆಯ ನಂಬಿಕೆಯನ್ನು ಅಲುಗಿಸುವ ಪ್ರಯೋಗವಾಗಲಿ ನಮ್ಮ ನಾಡಿಗೆ ಹೊಸದೇನಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಂಡ 5,000ಕ್ಕೂ ಹೆಚ್ಚು ಕೈದಿಗಳ ಮಾನಸಿಕ ಆರೋಗ್ಯವನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿತು. ಮನೋರೋಗಕ್ಕೆ ದೊಡ್ಡ ಆಸ್ಪತ್ರೆಯೇ ಗತಿ ಎನ್ನುತ್ತಿದ್ದ ಕಾಲದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಚಿಕಿತ್ಸೆ ಕೊಡಬಲ್ಲರೆಂದು ಸರ್ಕಾರ ಮತ್ತು ನಿಮ್ಹಾನ್ಸ್ ಕೂಡಿ 1985ರಲ್ಲಿ ಶುರುಮಾಡಿದ ಪ್ರಯೋಗ ತೋರಿಸಿದ್ದು ನಮ್ಮದೇ ಸೀಮೆಯ ಬಳ್ಳಾರಿಯಲ್ಲಿ. 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಕಲಬುರಗಿಯಲ್ಲಿ ಕೇಂದ್ರ ಕಾರಾಗೃಹವಿದೆ, ಸರ್ಕಾರಿ ವೈದ್ಯಕೀಯ ಕಾಲೇಜಾದ ಜಿಮ್ಸ್ ಇದೆ. ಕಮಲಾಪುರದಂಥ ಊರಿನ ಶಾಲೆಯಲ್ಲಿ ಕನಿಕರದ ಸುಳಿವಿಲ್ಲದೆ ಇತರರನ್ನು ನೋಯಿಸುವ ಮಗು ಕಂಡರೆ, ಅದಕ್ಕೆ ಹಣೆಪಟ್ಟಿ ಹಚ್ಚದೆ, ಹೊಡೆಯದೆ, ಆಪ್ತಸಮಾಲೋಚಕರ ಬಳಿ ಕಳಿಸುವ ದಾರಿಯಾಗಲಿ. ಬಳ್ಳಾರಿಯಲ್ಲಿ ಮಾಡಿದಂತೆ ಇಲ್ಲಿಯೂ ಸರ್ಕಾರ ಮತ್ತು ನಿಮ್ಹಾನ್ಸ್ ಕೂಡಿ, ಕಾನೂನಿನೊಂದಿಗೆ ಸಂಘರ್ಷಕ್ಕಿಳಿದ ಮಕ್ಕಳಿಗಾಗಿ ಒಂದು ಚಿಕಿತ್ಸಾ ಸಂಶೋಧನೆಯನ್ನು ಕೈಗೆತ್ತಿಕೊಳ್ಳಬೇಕು.