ಪೈಪಿನೊಳಗಿನ ಗಾಳಿ



ಮಾರ್ಚ್, ಏಪ್ರಿಲ್ ಬಂತೆಂದರೆ ನಾವು ಕೇಳುವ ದೂರು ಒಂದೇ: "ಮೇಲೆ ತೋಡಿನಲ್ಲಿ ನೀರಿದೆ, ಕೆಳಗೆ ತೋಟಕ್ಕೆ ಬರುವುದಿಲ್ಲ." ಕೆರಾಡಿಯಂತಹ ಘಟ್ಟದ ಬುಡದ ಊರುಗಳಲ್ಲಿ ಗುಡ್ಡದ ನೀರನ್ನು ಪೈಪಿನಲ್ಲಿ ತರುವವರಿದ್ದಾರೆ. ನೀರು ನಿಂತೊಡನೆ ಪೈಪು ಕಟ್ಟಿದೆಯೆಂದು ಅಗೆಸಿ ಕೊಯ್ಯುತ್ತೇವೆ. ನಾವೂ ಒಮ್ಮೆ ಹಾಗೆ ಮಾಡಿ ಎರಡು ದಿನದ ಆಳಿನ ಸಂಬಳ ಕಳೆದುಕೊಂಡೆವು. ಒಳಗೆ ಕಸವೂ ಇರಲಿಲ್ಲ, ಮಣ್ಣೂ ಇರಲಿಲ್ಲ, ಇದ್ದದ್ದು ಗಾಳಿ.

ಗಾಳಿ ನೀರಿಗಿಂತ ಸುಮಾರು 800 ಪಾಲು ಹಗುರ. ಆದುದರಿಂದ ಪೈಪು ಏರಿ ಇಳಿಯುವಲ್ಲೆಲ್ಲ ಉಬ್ಬಿನ ನೆತ್ತಿಯಲ್ಲಿ ಸೇರಿಕೊಂಡು ಆಚೆಯ ಇಳಿಜಾರಿಗೂ ಹಬ್ಬುತ್ತದೆ. ಅಷ್ಟು ಎತ್ತರದ ನೀರಿನ ಭಾರ ಮುಂದಕ್ಕೆ ತಲಪುವುದಿಲ್ಲ. ಒರತೆಯಿಂದ ತೋಟಕ್ಕೆ 10 ಮೀಟರು ಇಳಿತವಿದೆ ಎನ್ನಿ. ದಾರಿಯ ಮೂರು ಉಬ್ಬುಗಳಲ್ಲಿ ತಲಾ 4 ಮೀಟರು ಎತ್ತರದಷ್ಟು ಗಾಳಿ ನಿಂತರೆ ನಷ್ಟ 12 ಮೀಟರು. ಒಂದು ಹನಿಯೂ ಬಾರದು.

ಈ ಗಾಳಿ ಬರುವುದೆಲ್ಲಿಂದ? ಖಾಲಿ ಪೈಪಿನಲ್ಲಿ ಮೊದಲೇ ಇರುತ್ತದೆ. ಮೇಲಿನ ಬಾಯಿ ಪೂರ್ತಿ ಮುಳುಗದಿದ್ದರೆ ನೀರಿನೊಡನೆ ಸೇರುತ್ತದೆ. ಮೂರನೆಯದಾಗಿ, ಒಂದು ಲೀಟರು ತಣ್ಣೀರಿನಲ್ಲಿ ಸುಮಾರು 20 ಮಿಲಿಲೀಟರು ಗಾಳಿ ಕರಗಿರುತ್ತದೆ; ಬಿಸಿಲಿಗೆ ಪೈಪು ಕಾದಾಗ ಅದರಲ್ಲಿ ಸ್ವಲ್ಪ ಗುಳ್ಳೆಯಾಗಿ ಹೊರಡುತ್ತದೆ.

ಪರಿಹಾರ ಸುಲಭ. ಪ್ರತಿ ಉಬ್ಬಿನ ನೆತ್ತಿಯಲ್ಲಿ ಸಣ್ಣ ನಲ್ಲಿ ಕೂರಿಸಿರಿ. ಕೆಳತುದಿ ಮುಚ್ಚಿ, ಮೇಲಿನಿಂದ ನೀರು ಬಿಟ್ಟು, ಮೇಲಿನ ಉಬ್ಬಿನಿಂದ ಆರಂಭಿಸಿ ಒಂದೊಂದೇ ನಲ್ಲಿ ತೆರೆಯಿರಿ. ಗುಳ್ಳೆಯಿಲ್ಲದ ನೀರು ಬಂದೊಡನೆ ಮುಚ್ಚಿರಿ. ಕೊನೆಗೆ ಕೆಳತುದಿ ಬಿಡಿರಿ. ಆದರೆ ಉಬ್ಬು ಒರತೆಯ ಮಟ್ಟಕ್ಕಿಂತ ಮೇಲಿದ್ದರೆ ಅಲ್ಲಿ ನಲ್ಲಿ ತೆರೆಯಬಾರದು. ಅದು ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುವುದು. ಅಂತಹ ಪೈಪಿಗೆ ಎರಡೂ ತುದಿ ಮುಚ್ಚಿ ಉಬ್ಬಿನಲ್ಲೇ ನೀರು ತುಂಬಿ, ಬಿರಡೆ ಬಿಗಿದು, ಆ ಮೇಲೆ ತುದಿಗಳನ್ನು ಬಿಡಬೇಕು.

ಬಾವಿಯ ಪಂಪಿನ ಕಥೆಯೂ ಇದೇ. ಒಳಗೆ ಗಾಳಿಯಿದ್ದರೆ ಚಕ್ರ ಎಷ್ಟು ತಿರುಗಿದರೂ ನೀರು ಏರದು. ಫುಟ್‌ವಾಲ್ವ್ ಸೋರುತ್ತಿದೆಯೇ, ಎಳೆಯುವ ಪೈಪಿನ ಜೋಡಣೆಗಳು ಬಿಗಿಯಿವೆಯೇ ನೋಡಿರಿ. ಸಮುದ್ರಮಟ್ಟದಲ್ಲಿ ವಾಯುಭಾರ ಎತ್ತಬಲ್ಲ ನೀರು 10.3 ಮೀಟರು, ಅನುಭವದಲ್ಲಿ ಸಿಗುವುದು 6–7 ಮೀಟರು. ಘಟ್ಟದ ಮೇಲೆ 1000 ಮೀಟರು ಎತ್ತರದ ತೋಟಗಳಲ್ಲಿ ಇನ್ನೂ ಸುಮಾರು ಒಂದು ಮೀಟರು ಕಡಿಮೆಯೆಂದು ಕಾಫಿ ಬೆಳೆಗಾರರು ನೆನಪಿಡಬೇಕು.

ಕಾಫಿಗೆ ಹೂವಿನ ನೀರು ಕೊಡುವಾಗ ಡೀಸೆಲ್ ಇಂಜಿನು ನಿಂತರೆ, ಟ್ಯಾಂಕು ಬರಿದಾಗಿ ಗಾಳಿ ಹೊಕ್ಕಿರಬಹುದು. ಎಣ್ಣೆಯನ್ನು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ಆದುದರಿಂದ ನಾಜಲಿಗೆ ಒತ್ತಡ ಮುಟ್ಟುವುದಿಲ್ಲ. ಟ್ಯಾಂಕು ತುಂಬಿ, ಫಿಲ್ಟರಿನ ಏರ್ ತೆಗೆಯುವ ತಿರುಪು ಸಡಿಲಿಸಿ, ನೊರೆ ನಿಂತು ಶುದ್ಧ ಎಣ್ಣೆ ಬರುವವರೆಗೆ ಬಿಟ್ಟು ಬಿಗಿಯಿರಿ.

ಎಲ್ಲ ಗಾಳಿಯೂ ಶತ್ರುವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಒತ್ತಡದ ಡಬ್ಬಿಯಲ್ಲಿ ಗಾಳಿಯಿರಲೇಬೇಕು. ಕುಗ್ಗಿ ಹಿಗ್ಗುವ ಅದೇ ಗುಣದಿಂದ ಎರಡು ಏಟುಗಳ ನಡುವೆಯೂ ಮದ್ದು ಕಡಿಯದೆ ಕೊನೆಗೆ ತಲಪುತ್ತದೆ.

ಬೇಸಿಗೆಯಲ್ಲಿ ನೀರು ತಪ್ಪಿದರೆ ಮುಂದಿನ ಫಸಲಿನ ಹಿಂಗಾರ ಒಣಗುತ್ತದೆ. ಆದುದರಿಂದ ಗರಗಸ ಹಿಡಿಯುವ ಮೊದಲು ಉಬ್ಬಿನ ನಲ್ಲಿ ತೆರೆದು ನೋಡಬೇಕೆಂದು ವಿನಂತಿ.